ಪೆಸ್ಟಲಾಟ್ಸಿಯ ವಿದ್ಯಾತತ್ತ್ವ: ಗೆರ್ಟ್ರೂಡಳ ಮನೆಯೂ ಇವರ್ಡನ್ನಿನ ಶಾಲೆಯೂ

೧

ವಿದ್ಯಾಭ್ಯಾಸವನ್ನು ಕುರಿತು ತತ್ತ್ವಗಳನ್ನು ಬರೆದವರಲ್ಲಿ ಅನೇಕರು ಮಕ್ಕಳ ಮುಂದೆ ನಿಂತು ಪಾಠ ಹೇಳಿದವರಲ್ಲ. ಪಾಠ ಹೇಳುತ್ತ ಬಾಳನ್ನು ಸವೆಸಿದವರಲ್ಲಿ ಅನೇಕರು ತತ್ತ್ವವನ್ನು ಬರೆದಿಟ್ಟವರಲ್ಲ. ಸ್ವಿಟ್ಸರ್ಲೆಂಡಿನ ಯೋಹಾನ್ ಹೈನ್ರಿಖ್ ಪೆಸ್ಟಲಾಟ್ಸಿಯು ಎರಡನ್ನೂ ಮಾಡಿದವನು. ೧೭೪೬ರಲ್ಲಿ ಹುಟ್ಟಿ ೧೮೨೭ರಲ್ಲಿ ಕಾಲವಾದ ಈತನ ಹೆಸರು ಉಪಾಧ್ಯಾಯರ ಶಿಕ್ಷಣಶಾಲೆಗಳಲ್ಲಿ ಇಂದಿಗೂ ಓದಿನ ಒಂದು ಭಾಗವಾಗಿದೆ. ಆದರೆ ಅಲ್ಲಿ ವಿದ್ಯಾರ್ಥಿಯು ಅವನ ವಿಷಯವಾಗಿ ಕಲಿಯುವುದು ಸಾಮಾನ್ಯವಾಗಿ ಮೂರು ನಾಲ್ಕು ಸೂತ್ರಗಳನ್ನು ಮಾತ್ರ: ಸುಲಭವಾದುದರಿಂದ ಕಠಿನವಾದುದಕ್ಕೆ ಹೋಗಬೇಕು, ವಸ್ತುವನ್ನು ತೋರಿಸಿದ ಮೇಲೆ ಹೆಸರನ್ನು ಹೇಳಬೇಕು, ತಲೆ, ಹೃದಯ, ಕೈ ಈ ಮೂರನ್ನೂ ಸಮನಾಗಿ ಬೆಳೆಸಬೇಕು. ವಸ್ತುವಿಗೆ ಮೊದಲು ಮಾತನ್ನು ಕೊಡಬಾರದೆಂದು ಜೀವಮಾನವೆಲ್ಲ ಸಾರಿದವನು ತಾನೇ ಕೆಲವು ಮಾತುಗಳಾಗಿ ಉಳಿದಿದ್ದಾನೆ.

ಅವನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಒಂದೇ ತೀರ್ಪನ್ನು ಕೊಟ್ಟಿರುವರು. ಪೆಸ್ಟಲಾಟ್ಸಿಯ ಬಾಳು ಸೋಲುಗಳ ಸರಮಾಲೆ; ಆದರೆ ಅವನ ಕ್ರಮವು ಲೋಕವನ್ನು ಗೆದ್ದಿತು ಎಂಬುದೇ ಆ ತೀರ್ಪು. ಅವನ ಬೇಸಾಯ ಕೆಟ್ಟಿತು, ಬಡಮಕ್ಕಳ ಶಾಲೆ ಮುಚ್ಚಿತು, ಸ್ಟಾನ್ಸಿನ ಅನಾಥಾಲಯ ಆರು ತಿಂಗಳು ತುಂಬುವ ಮೊದಲೇ ನಿಂತಿತು, ಇವರ್ಡನ್ನಿನ ವಿದ್ಯಾಲಯ ಒಳಜಗಳದಿಂದ ನಾಶವಾಯಿತು, ಇವೆಲ್ಲ ನಿಜವೇ. ಆದರೆ ಅವನ ಗ್ರಂಥಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಪರ್ಯಾಲೋಚಿಸಿದರೆ ಈ ತೀರ್ಪು ತಲೆಕೆಳಗಾಗಿದೆಯೆಂದು ತೋರದಿರದು. ಲೋಕವು ಗೆಲುವೆಂದು ಎಣಿಸಿದ ಕ್ರಮದಲ್ಲಿಯೇ ಅವನ ತತ್ತ್ವಕ್ಕೆ ಹೆಚ್ಚಿನ ಹಾನಿಯಾಯಿತು. ಸೋಲೆಂದು ಎಣಿಸಿದ ಸ್ಥಳಗಳಲ್ಲಿಯೇ ಅದರ ಜೀವವು ಉಳಿದುಬಂದಿದೆ. ಈ ಮಾತನ್ನು ಅವನ ಜೀವಿತದಿಂದಲೂ ಮೂರು ಮುಖ್ಯ ಕೃತಿಗಳಿಂದಲೂ ಪರೀಕ್ಷಿಸುವುದು ಯುಕ್ತವಾಗಿದೆ.

೨

ಪೆಸ್ಟಲಾಟ್ಸಿಯು ಜೂರಿಕ್ ನಗರದವನು. ತಂದೆಯು ಶಸ್ತ್ರವೈದ್ಯ, ಮಗನಿಗೆ ಐದು ವರ್ಷವಾದಾಗ ತೀರಿಕೊಂಡನು. ಆಮೇಲೆ ಮನೆಯನ್ನು ನಡೆಸಿದವರು ಇಬ್ಬರು ಹೆಂಗಸರು: ತಾಯಿ ಸುಸಾನಾ ಮತ್ತು ಬಾಬೆಲಿ ಎಂಬ ಸೇವಕಿ. ಈ ಸಂಸಾರವನ್ನು ಬಿಟ್ಟುಹೋಗುವುದಿಲ್ಲವೆಂದು ಮರಣಶಯ್ಯೆಯಲ್ಲಿದ್ದ ಯಜಮಾನನಿಗೆ ಕೊಟ್ಟ ಮಾತನ್ನು ಬಾಬೆಲಿಯು ನಡೆಸಿಕೊಟ್ಟಳು. ತಾತನು ಹೋಂಗ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದುದರಿಂದ ಬಾಲಕನಿಗೆ ಅಲ್ಲಿಗೆ ಹೋಗಿಬರುವ ರೂಢಿಯಾಗಿ, ಬಡವರ ಗುಡಿಸಲುಗಳ ಪರಿಚಯವೂ ಆಯಿತು. ಮುಂದೆ ಅವನ ಬರಹದಲ್ಲೆಲ್ಲ ಕಾಣುವ ತಾಯಿಯ ಮಹಿಮೆ, ಬಡವರ ಮೇಲಣ ಕರುಣೆ ಈ ಎರಡಕ್ಕೂ ಬೀಜವು ಇಲ್ಲಿಯೇ ಬಿದ್ದಿತು.

೧೭೬೨ರಲ್ಲಿ ರೂಸೋವಿನ ‘ಎಮೀಲ್’ ಪ್ರಕಟವಾದಾಗ ಪೆಸ್ಟಲಾಟ್ಸಿಗೆ ಹದಿನಾರು ವರ್ಷ. ಆ ಗ್ರಂಥವು ಆತನ ಮನಸ್ಸನ್ನು ಹಿಡಿಯಿತು. ೧೭೬೯ರಲ್ಲಿ ತನಗಿಂತ ಎಂಟು ವರ್ಷ ಹಿರಿಯಳಾದ ಆನಾ ಷುಲ್ಟ್‌ಹೆಸ್ ಎಂಬಾಕೆಯನ್ನು ಮದುವೆಯಾಗಿ, ಬಿರ್ ಎಂಬ ಹಳ್ಳಿಯ ಬಳಿ ಭೂಮಿಯನ್ನು ಕೊಂಡು, ಬಣ್ಣಕ್ಕೆ ಬರುವ ಮಂಜಿಷ್ಠವನ್ನು ಬೆಳೆಯಲು ತೊಡಗಿದನು. ಆ ಹೊಲಮನೆಗೆ ನೊಯ್‌ಹೋಫ್ ಎಂದು ಹೆಸರು. ೧೭೭೦ರಲ್ಲಿ ಹುಟ್ಟಿದ ಒಬ್ಬನೇ ಮಗನಿಗೆ ರೂಸೋವಿನ ಹೆಸರನ್ನೇ ಇಟ್ಟನು.

ಹೆಸರಿನೊಡನೆ ತತ್ತ್ವವನ್ನೂ ಮಗುವಿನ ಮೇಲೆ ಹೇರಿದಂತಾಯಿತು. ೧೭೭೪ರಲ್ಲಿ ತಂದೆಯು ಬರೆದಿಟ್ಟ ದಿನಚರಿಯೊಂದು ಉಳಿದಿದೆ. ನಾಲ್ಕು ವರ್ಷವೂ ತುಂಬದ ಮಗುವಿಗೆ ಅಂಕಿಗಳನ್ನೂ ಲ್ಯಾಟಿನ್ ಶಬ್ದಗಳನ್ನೂ ಕಲಿಸಹೊರಟ ತಂದೆಯ ಆತುರವು ಅದರಲ್ಲಿದೆ, ಮಗುವಿನ ಮೊಂಡತನವಿದೆ, ಸ್ವಾತಂತ್ರ್ಯವೂ ಒಳ್ಳೆಯದು, ವಿಧೇಯತೆಯೂ ಒಳ್ಳೆಯದು, ರೂಸೋವು ಬೇರ್ಪಡಿಸಿದ ಇವೆರಡನ್ನು ಕೂಡಿಸಬೇಕೆಂಬ ವಿಚಾರವೂ ಇದೆ. ರೂಸೋವಿನ ಮೇಲೆ ಪೆಸ್ಟಲಾಟ್ಸಿಯು ಮಾಡಿದ ಮೊದಲ ವಿಮರ್ಶೆಯು ಹೀಗೆ ತೊಟ್ಟಿಲ ಬಳಿಯಲ್ಲಿ ಹುಟ್ಟಿತು. ಮಗನು ಓದುಬರಹದಲ್ಲಿ ಬಹಳ ಹಿಂದೆ ಬಿದ್ದನು. ಅಪಸ್ಮಾರದಿಂದ ನರಳಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ೧೮೦೧ರಲ್ಲಿ ತೀರಿಕೊಂಡನು. ತಾಯಂದಿರು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಯೂರೋಪಿಗೆ ತಿಳಿಸಿದ ತಂದೆಯ ಗ್ರಂಥವು ಹೊರಬಂದುದೂ ಅದೇ ವರ್ಷ.

ಬೇಸಾಯವು ಕೈಕೊಟ್ಟ ಮೇಲೆ, ೧೭೭೪ರಲ್ಲಿ, ನೊಯ್‌ಹೋಫಿನಲ್ಲಿ ಬಡಮಕ್ಕಳ ಶಾಲೆಯೊಂದು ಮೊದಲಾಯಿತು. ಮಕ್ಕಳು ಹೊಲದಲ್ಲಿ ದುಡಿಯಬೇಕು, ಹತ್ತಿಯನ್ನು ನೂಲಬೇಕು, ನೇಯಬೇಕು. ಕೈ ಕೆಲಸದಲ್ಲಿರುವಾಗಲೇ ಓದನ್ನೂ ಲೆಕ್ಕವನ್ನೂ ಕಲಿಯಬೇಕು. ಅವರ ದುಡಿಮೆಯಿಂದಲೇ ಶಾಲೆಯ ವೆಚ್ಚವು ನಡೆಯಬೇಕು. ಉದ್ದೇಶವು ಉದಾರವಾದುದು. ಆದರೆ ಶಾಲೆಯ ಉಳಿವು ಮಗುವಿನ ನೂಲಿನ ಮೇಲೆ ನಿಂತಾಗ, ನೂಲು ವಿದ್ಯೆಗೋ ವಿದ್ಯೆ ನೂಲಿಗೋ ಎಂಬ ಪ್ರಶ್ನೆಯು ತಪ್ಪದು. ೧೭೮೦ರಲ್ಲಿ ಶಾಲೆಯು ಮುಚ್ಚಿತು. ಹೆಂಡತಿಯ ಆಸ್ತಿಯೂ ಕರಗಿತ್ತು. ಅದೇ ವರ್ಷ ಪ್ರಕಟವಾದ ‘ಏಕಾಂತವಾಸಿಯ ಸಂಧ್ಯಾಕಾಲ’ ಎಂಬ ಸಣ್ಣ ಕೃತಿಯಲ್ಲಿ, ಸಿಂಹಾಸನದ ಮೇಲಿದ್ದರೂ ಗುಡಿಸಲ ನೆರಳಿನಲ್ಲಿದ್ದರೂ ಮನುಷ್ಯನ ಸ್ವರೂಪವು ಒಂದೇ ಎಂಬ ಮೂಲ ವಿಚಾರವನ್ನು ಅವನು ಎತ್ತಿದನು. ತತ್ತ್ವಜ್ಞನ ಹುಟ್ಟು ಹೀಗೆ ಸೋಲಿನಲ್ಲಾಯಿತು.

೩

ಲೋಕವು ಅವನ ಮಾತಿಗೆ ಕಿವಿಗೊಟ್ಟುದು ಒಂದು ಕಥೆಯ ಮೂಲಕ. ‘ಲೀನ್‌ಹಾರ್ಟ್ ಮತ್ತು ಗೆರ್ಟ್ರೂಡ್’ ಎಂಬ ಕಾದಂಬರಿಯ ಮೊದಲ ಭಾಗವು ೧೭೮೧ರಲ್ಲಿಯೂ ನಾಲ್ಕನೆಯ ಭಾಗವು ೧೭೮೭ರಲ್ಲಿಯೂ ಪ್ರಕಟವಾದವು. ಬೊನ್ನಾಲ್ ಎಂಬ ಹಳ್ಳಿ. ಲೀನ್‌ಹಾರ್ಟನು ಕಲ್ಲುಕಟ್ಟುವವನು, ಒಳ್ಳೆಯವನು, ಆದರೆ ಕುಡಿತಕ್ಕೆ ಸಿಕ್ಕಿದವನು. ಹೆಂಡದಂಗಡಿಯ ಒಡೆಯನಾದ ಹುಮ್ಮೆಲನೇ ಊರಿನ ಪಟೇಲನೂ ಆಗಿರುವುದರಿಂದ, ಸಾಲವೂ ಅಧಿಕಾರವೂ ಒಂದೇ ಕೈಯಲ್ಲಿ ಸೇರಿ ಊರನ್ನು ಹಿಂಡುತ್ತಿವೆ. ಲೀನ್‌ಹಾರ್ಟನ ಹೆಂಡತಿ ಗೆರ್ಟ್ರೂಡಳು ಧೈರ್ಯಮಾಡಿ, ಆ ಪ್ರಾಂತದ ಪ್ರಭುವಾದ ಆರ್ನರನ ಬಳಿಗೆ ಹೋಗಿ ಸಂಕಟವನ್ನು ಹೇಳಿಕೊಳ್ಳುವಳು. ಇಗರ್ಜಿಯ ಅಂಗಳದ ಗೋಡೆಯನ್ನು ಕಟ್ಟುವ ಕೆಲಸವು ಅವಳ ಗಂಡನಿಗೆ ದೊರೆಯುವುದು. ಕಥೆಯು ಅಲ್ಲಿಂದ ಬೆಳೆದು ಹಳ್ಳಿಯ ಉದ್ಧಾರದವರೆಗೆ ಹೋಗುವುದು.

ಈ ಕೃತಿಯ ಹೃದಯವು ಗೆರ್ಟ್ರೂಡಳ ಮನೆಯೊಳಗಿದೆ. ಮಕ್ಕಳು ನೂಲುತ್ತ ಕುಳಿತಿರುವರು. ತಾಯಿಯು ಕೆಲಸ ಮಾಡುತ್ತಲೇ ಕಲಿಸುವಳು. ಲೆಕ್ಕವೆಂದರೆ ನೂಲಿನ ಎಳೆಗಳು, ಕಿಟಕಿಯ ಗಾಜುಗಳು, ಕೋಣೆಯನ್ನು ದಾಟಲು ಬೇಕಾದ ಹೆಜ್ಜೆಗಳು. ಅಲ್ಲಿ ಪಾಠದ ವೇಳೆಯೆಂಬುದು ಬೇರೆ ಇಲ್ಲ. ಗೆರ್ಟ್ರೂಡಳಿಗೆ ತಾನು ಒಂದು ಕ್ರಮವನ್ನು ಅನುಸರಿಸುತ್ತಿರುವೆನೆಂಬ ಅರಿವೂ ಇಲ್ಲ. ಮುಂದಿನ ಭಾಗಗಳಲ್ಲಿ ಗ್ಲುಫಿ ಎಂಬ ನಿವೃತ್ತ ಸೈನ್ಯಾಧಿಕಾರಿಯು ಈ ಮನೆಯನ್ನು ಕಂಡು, ಊರಿನ ಶಾಲೆಯನ್ನು ಅದರಂತೆಯೇ ನಡೆಸಲು ಹೊರಡುವನು. ಮನೆಯಿಂದ ಶಾಲೆಗೆ, ತಾಯಿಯಿಂದ ಉಪಾಧ್ಯಾಯನಿಗೆ ವಿದ್ಯೆಯು ದಾಟಬೇಕಾದ ಹೊಸ್ತಿಲು ಅದು. ಪೆಸ್ಟಲಾಟ್ಸಿಯ ಮುಂದಿನ ತೊಡಕೆಲ್ಲ ಈ ಹೊಸ್ತಿಲಿನಲ್ಲಿಯೇ ಇದೆ.

ಸಾಹಿತ್ಯದೃಷ್ಟಿಯಿಂದ ನೋಡಿದರೆ ಮೊದಲ ಭಾಗವೇ ಶ್ರೇಷ್ಠ. ಅಲ್ಲಿ ಜನರಿದ್ದಾರೆ, ಅವರ ಮಾತಿದೆ, ಹಸಿವಿದೆ, ಕಪಟವಿದೆ. ಭಾಗದಿಂದ ಭಾಗಕ್ಕೆ ಪಾತ್ರಗಳು ತೆಳುವಾಗಿ, ಆಡಳಿತದ ಮೀಮಾಂಸೆಯು ದಪ್ಪವಾಗುತ್ತ ಬಂದು, ನಾಲ್ಕನೆಯದರಲ್ಲಿ ಕಥೆಗಿಂತ ಕಾನೂನೇ ಮುಂದಾಗುವುದು. ಜನರು ಕಥೆಯನ್ನು ಮೆಚ್ಚಿದರು, ತನ್ನ ಅಭಿಪ್ರಾಯವನ್ನು ಗ್ರಹಿಸಲಿಲ್ಲ ಎಂಬುದು ಗ್ರಂಥಕರ್ತನ ಕೊರಗು. ಆ ಕೊರಗಿನಿಂದ ೧೭೮೨ರಲ್ಲಿ ‘ಕ್ರಿಸ್ಟೋಫ್ ಮತ್ತು ಎಲ್ಸೆ’ ಎಂಬ ಸಂವಾದವನ್ನು ಬರೆದು, ಕಾದಂಬರಿಯ ಅರ್ಥವನ್ನು ಬಿಡಿಸಿ ಹೇಳಹೋದನು. ಓದುವವರು ಅದನ್ನು ಆದರಿಸಲಿಲ್ಲ. ಪ್ರತ್ಯಕ್ಷವಾಗಿ ಕಂಡುದಕ್ಕೆ ವ್ಯಾಖ್ಯಾನದ ಊರುಗೋಲು ಬೇಡವೆಂಬ ತನ್ನ ತತ್ತ್ವವನ್ನು ಅವನು ತನ್ನ ವಾಚಕರ ವಿಷಯದಲ್ಲಿ ಮರೆತಿದ್ದನು. ಈ ಮರೆವು ಮುಂದೆಯೂ ಮರುಕಳಿಸುವುದು.

೪

ಕಾದಂಬರಿಯ ತರುವಾಯ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಪೆಸ್ಟಲಾಟ್ಸಿಗೆ ಶಾಲೆಯೇ ಇರಲಿಲ್ಲ. ೧೭೯೨ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯು ಅವನನ್ನು ಗೌರವ ಪೌರನನ್ನಾಗಿ ಮಾಡಿಕೊಂಡಿತು. ಆರು ವರ್ಷಗಳ ಮೇಲೆ ಆ ಫ್ರಾನ್ಸಿನ ಸೈನ್ಯವೇ ಅವನಿಗೆ ಮಕ್ಕಳನ್ನು ಒದಗಿಸಿಕೊಟ್ಟಿತೆಂಬುದು ವಿಧಿಯ ವಿನೋದ. ೧೭೯೮ರ ಸೆಪ್ಟೆಂಬರಿನಲ್ಲಿ ಹೊಸ ಗಣರಾಜ್ಯಕ್ಕೆ ಎದುರುಬಿದ್ದ ಸ್ಟಾನ್ಸ್ ಪಟ್ಟಣವನ್ನು ಫ್ರೆಂಚ್ ಸೈನಿಕರು ಸುಟ್ಟು ಕೊಂದರು. ಅನಾಥರಾದ ಮಕ್ಕಳನ್ನು ಸಾಕಲು ಸರ್ಕಾರವು ಪೆಸ್ಟಲಾಟ್ಸಿಯನ್ನು ಕಳುಹಿಸಿತು. ೧೭೯೯ರ ಜನವರಿಯಲ್ಲಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ಕೆಲಸವಿನ್ನೂ ಮುಗಿಯದ ಒಂದು ಕನ್ಯಾಮಠದ ಕಟ್ಟಡದಲ್ಲಿ, ಮನೆವಾರ್ತೆಗೆ ಒಬ್ಬ ಹೆಂಗಸನ್ನು ಮಾತ್ರ ಇಟ್ಟುಕೊಂಡು ಅವನು ಮಕ್ಕಳನ್ನು ಬರಮಾಡಿಕೊಂಡನು. ಬರಬರುತ್ತ ಅವರ ಸಂಖ್ಯೆಯು ಎಂಬತ್ತರ ಹತ್ತಿರಕ್ಕೆ ಏರಿತು. ಊರಿನವರು ಕ್ಯಾಥೊಲಿಕರು, ಇವನು ಪ್ರಾಟೆಸ್ಟಂಟನು. ಊರನ್ನು ಸುಟ್ಟವರ ಪಕ್ಷದ ಸರ್ಕಾರದಿಂದ ಬಂದವನು. ಮಕ್ಕಳೋ ಹುಣ್ಣು ಕಜ್ಜಿ ಹೇನುಗಳಿಂದ ತುಂಬಿದವರು.

ಅಲ್ಲಿ ನಡೆದುದನ್ನು ಅವನು ಅದೇ ವರ್ಷ ಒಂದು ಪತ್ರದ ರೂಪದಲ್ಲಿ ಬರೆದನು. ಅದು ಅಚ್ಚಾದುದು ೧೮೦೭ರಲ್ಲಿ. ಪೆಸ್ಟಲಾಟ್ಸಿಯ ಬರಹಗಳಲ್ಲೆಲ್ಲ ಇದಕ್ಕೆ ಮಿಗಿಲಾದುದು ಇಲ್ಲವೆಂದರೆ ಅತ್ಯುಕ್ತಿಯಾಗಲಾರದು. ಇದರಲ್ಲಿ ಒಂದು ಅನುಕ್ರಮವಿದೆ. ಮೊದಲು ಮಗುವಿನ ಹಸಿವೆ, ಚಳಿ, ಭಯಗಳನ್ನು ನೀಗಿಸಿ ಅದರ ಹೃದಯವನ್ನು ಗೆಲ್ಲಬೇಕು; ಅನಂತರ ಒಳ್ಳೆಯದನ್ನು ಮಾಡುವ ಅಭ್ಯಾಸಕ್ಕೆ ಅವಕಾಶ ಕೊಡಬೇಕು; ಇವೆರಡೂ ಆದ ಮೇಲೆ ಧರ್ಮಾಧರ್ಮಗಳ ಮಾತು. ಉಪದೇಶವು ಮೊದಲಲ್ಲ, ಕಡೆಯದು.

ಇದಕ್ಕೆ ಅವನು ಕೊಡುವ ನಿದರ್ಶನವು ಮನನೀಯವಾಗಿದೆ. ಆಲ್ಟ್‌ಡಾರ್ಫ್ ಎಂಬ ಪಟ್ಟಣವು ಬೆಂಕಿಗೆ ಸಿಕ್ಕಿದಾಗ, ಅಲ್ಲಿಯ ಇಪ್ಪತ್ತು ಮಕ್ಕಳನ್ನು ಇಲ್ಲಿಗೆ ಕರೆದುಕೊಳ್ಳೋಣವೇ ಎಂದು ತನ್ನ ಮಕ್ಕಳನ್ನು ಕೇಳಿದನು. ಅವರು ಕೂಡಲೇ ಒಪ್ಪಿದರು. ಅವನು ಅಲ್ಲಿಗೆ ಬಿಡಲಿಲ್ಲ. ಅವರು ಬಂದರೆ ನಿಮಗೆ ಊಟವು ಕಡಿಮೆಯಾದೀತು, ಕೆಲಸವು ಹೆಚ್ಚೀತು, ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು ಎಂದು ತಿಳಿಸಿ ಮತ್ತೆ ಕೇಳಿದನು. ಆಗಲೂ ಅವರ ಉತ್ತರವು ಬದಲಾಗಲಿಲ್ಲ. ಕರುಣೆಯೆಂಬ ಶಬ್ದವನ್ನು ಅವನು ಕಲಿಸಲಿಲ್ಲ. ಅದಕ್ಕೆ ತೆರಬೇಕಾದ ಬೆಲೆಯನ್ನು ಕಾಣಿಸಿ, ಆರಿಸಿಕೊಳ್ಳುವುದನ್ನು ಮಕ್ಕಳಿಗೇ ಬಿಟ್ಟನು. ಪತ್ರವು ಅವನ ದೋಷಗಳನ್ನೂ ಮುಚ್ಚುವುದಿಲ್ಲ. ಮಕ್ಕಳನ್ನು ತಾನು ಹೊಡೆದುದುಂಟೆಂದು ಒಪ್ಪಿಕೊಂಡು, ಹಗಲಿರುಳೂ ಜೊತೆಯಲ್ಲಿದ್ದವನ ಏಟನ್ನು ಅವರು ಬೇರೆಯಾಗಿ ತಿಳಿದರೆಂದು ಸಮರ್ಥಿಸುವನು. ಈ ಸಮರ್ಥನೆಯು ಎಲ್ಲರಿಗೂ ಒಪ್ಪಿಗೆಯಾಗಲಾರದು. ಆದರೆ ಒಪ್ಪದವನಿಗೆ ಬೇಕಾದ ಸಾಕ್ಷ್ಯವನ್ನು ಕೊಡುವವನೂ ಅವನೇ.

೧೭೯೯ರ ಜೂನಿನಲ್ಲಿ ಫ್ರೆಂಚ್ ಸೈನ್ಯಕ್ಕೆ ಆಸ್ಪತ್ರೆಯು ಬೇಕಾಗಿ ಆ ಕಟ್ಟಡವು ಕೈಬಿಟ್ಟುಹೋಯಿತು.

೫

ಸ್ಟಾನ್ಸಿನಿಂದ ಬಂದವನು ಅದೇ ಬೇಸಗೆಯಲ್ಲಿ ಬುರ್ಗ್‌ಡಾರ್ಫಿನಲ್ಲಿ ಪಾಠ ಹೇಳಲು ನಿಂತನು. ಬೇಗನೆ ಅಲ್ಲಿಯ ಕೋಟೆಯಲ್ಲಿ ಅವನ ವಿದ್ಯಾಲಯವು ಏರ್ಪಟ್ಟಿತು. ೧೮೦೧ರಲ್ಲಿ ‘ಗೆರ್ಟ್ರೂಡಳು ತನ್ನ ಮಕ್ಕಳಿಗೆ ಹೇಗೆ ಕಲಿಸುವಳು’ ಎಂಬ ಗ್ರಂಥವು ಹೊರಬಿದ್ದಿತು. ಇದು ಗೆಸ್ನರ್ ಎಂಬ ಮಿತ್ರನಿಗೆ ಬರೆದ ಹದಿನಾಲ್ಕು ಪತ್ರಗಳ ರೂಪದಲ್ಲಿದೆ. ಹೆಸರನ್ನು ನೋಡಿ ಗೆರ್ಟ್ರೂಡಳ ಮನೆಯನ್ನು ಮತ್ತೆ ಕಾಣಬಹುದೆಂದು ತೆರೆದವರಿಗೆ ಆ ಮನೆಯು ಅಲ್ಲಿ ಕಾಣದು. ನೂಲಿನ ಎಳೆಯಿಲ್ಲ, ಕಿಟಕಿಯ ಗಾಜಿಲ್ಲ. ಅವುಗಳ ಸ್ಥಾನದಲ್ಲಿ ಸಂಖ್ಯೆ, ಆಕಾರ, ಶಬ್ದ ಎಂಬ ಮೂರು ಮೂಲಾಂಶಗಳಿವೆ.

ಗ್ರಂಥದ ಆಧಾರವಾದ ತತ್ತ್ವವು ಪ್ರತ್ಯಕ್ಷವೇ ಸಕಲ ಜ್ಞಾನಕ್ಕೂ ತಳಹದಿಯೆಂಬುದು. ಮೊದಲು ಗೊಂದಲವಾಗಿ ತೋರುವ ಇಂದ್ರಿಯಾನುಭವವು ಕ್ರಮವಾಗಿ ಬಿಡಿಬಿಡಿಯಾಗಿ, ಬಳಿಕ ಸ್ಪಷ್ಟವಾಗಿ, ಕಡೆಗೆ ಲಕ್ಷಣವಾಕ್ಯದಲ್ಲಿ ಹೇಳಬಹುದಾದ ಪರಿಜ್ಞಾನವಾಗಿ ಪರಿಣಮಿಸಬೇಕು. ನಮ್ಮ ನೈಯಾಯಿಕರು ನಿರ್ವಿಕಲ್ಪಕ ಸವಿಕಲ್ಪಕಗಳೆಂದು ಮಾಡಿದ ವಿಭಾಗವನ್ನು ಬಲ್ಲವರಿಗೆ ಈ ಸೋಪಾನವು ಅಪರಿಚಿತವೆನಿಸದು. ಆದರೆ ಭೇದವೊಂದುಂಟು. ನೈಯಾಯಿಕರಿಗೆ ಇದು ಜ್ಞಾನದ ಸ್ವರೂಪವನ್ನು ನಿರ್ಣಯಿಸುವ ವಿಚಾರ. ಪೆಸ್ಟಲಾಟ್ಸಿಗೆ ಇದು ಮಗುವನ್ನು ಕೈಹಿಡಿದು ಹತ್ತಿಸಬೇಕಾದ ಮೆಟ್ಟಿಲು. ಹತ್ತಿಸುವವರು ಎಲ್ಲ ಊರುಗಳಲ್ಲಿಯೂ ಇರಬೇಕು, ಅವರೆಲ್ಲ ಗೆರ್ಟ್ರೂಡರಾಗಿರಲಾರರು. ಆದುದರಿಂದ ಅಲ್ಪಜ್ಞನಾದ ಉಪಾಧ್ಯಾಯನೂ ಓದುಬಾರದ ತಾಯಿಯೂ ತಪ್ಪದೆ ನಡೆಸಬಹುದಾದಷ್ಟು ಸರಳವಾದ ಸಾಧನವನ್ನು ನಿರ್ಮಿಸಬೇಕೆಂದು ಅವನು ಹೊರಟನು. ವಿದ್ಯಾಭ್ಯಾಸವನ್ನು ಯಂತ್ರವನ್ನಾಗಿ ಮಾಡಲು ಹೊರಟಿರುವಿರಿ ಎಂದು ಸರ್ಕಾರದ ಪ್ರಮುಖನೊಬ್ಬನು ಹೇಳಿದಾಗ, ತನ್ನ ಇಂಗಿತವನ್ನು ಸರಿಯಾಗಿ ಹಿಡಿದ ಮಾತೆಂದು ಅದನ್ನು ಸಂತೋಷದಿಂದ ಅಂಗೀಕರಿಸಿದ ಸಂಗತಿಯನ್ನು ಅವನೇ ಈ ಗ್ರಂಥದಲ್ಲಿ ಬರೆದಿರುವನು.

ಆ ಯಂತ್ರದ ಫಲವನ್ನು ೧೮೦೩ರ ‘ತಾಯಂದಿರ ಪುಸ್ತಕ’ದಲ್ಲಿ ನೋಡಬಹುದು. ಮಗುವಿಗೆ ಅತಿ ಸಮೀಪವಾದ ವಸ್ತುವೆಂದರೆ ಅದರ ದೇಹವೆಂಬ ತರ್ಕದಿಂದ ಹೊರಟು, ತಾಯಿಯು ಅವಯವಗಳನ್ನು ಒಂದೊಂದಾಗಿ ತೋರಿಸಿ ಹೆಸರನ್ನೂ ಸ್ಥಾನವನ್ನೂ ಸಂಬಂಧವನ್ನೂ ಹೇಳಿಸಬೇಕೆಂದು ಅದು ವಿಧಿಸುವುದು. ತರ್ಕದಲ್ಲಿ ದೋಷವಿಲ್ಲ, ದೋಷವಿರುವುದು ಮಗುವನ್ನು ಮರೆತುದರಲ್ಲಿ. ಮಗುವಿಗೆ ಸಮೀಪವಾದುದು ಅದು ಬಯಸುವ ವಸ್ತುವೇ ಹೊರತು ಅಳತೆಗೋಲಿನಿಂದ ಹತ್ತಿರವಾದುದಲ್ಲ. ತನ್ನ ಮೂಗು ಬಾಯಿಗೆ ಮೇಲಿದೆಯೆಂದು ಹೇಳುವ ಬಯಕೆ ಯಾವ ಮಗುವಿಗೂ ಹುಟ್ಟದು. ಅಂಗಳದ ಕರುವನ್ನು ಕಂಡರೆ ಮಾತು ತಾನಾಗಿ ಹೊರಡುವುದು. ಗೆರ್ಟ್ರೂಡಳು ಕಿಟಕಿಯ ಗಾಜನ್ನು ಎಣಿಸಿದುದು ಅದು ಮೂಲಾಂಶವೆಂದಲ್ಲ, ಮಕ್ಕಳ ಕಣ್ಣು ಅಲ್ಲಿತ್ತೆಂದು.

೬

ಬುರ್ಗ್‌ಡಾರ್ಫಿನಲ್ಲಿ ಮೊಳೆತುದು ಇವರ್ಡನ್ನಿನಲ್ಲಿ ಮರವಾಯಿತು. ೧೮೦೫ರಿಂದ ೧೮೨೫ರವರೆಗೆ ನಡೆದ ಈ ವಿದ್ಯಾಲಯವು ಯೂರೋಪಿನ ವಿದ್ವಾಂಸರಿಗೆಲ್ಲ ಯಾತ್ರಾಸ್ಥಳವಾಗಿತ್ತು. ಫಿಖ್ಟೆಯು ೧೮೦೭–೦೮ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ಭಾಷಣಗಳಲ್ಲಿ, ಜರ್ಮನ್ ಜನಾಂಗದ ಪುನರುಜ್ಜೀವನಕ್ಕೆ ಪೆಸ್ಟಲಾಟ್ಸಿಯ ಕ್ರಮವನ್ನೇ ಆಧಾರವಾಗಿ ಹಿಡಿದನು. ಪ್ರಷ್ಯವು ತರುಣರನ್ನು ಕಳುಹಿಸಿತು. ಫ್ರಬೆಲನು ೧೮೦೮ರಿಂದ ಎರಡು ವರ್ಷ ಅಲ್ಲಿದ್ದನು. ಆದರೆ ೧೮೦೯ರಲ್ಲಿ ಸ್ವಿಸ್ ಒಕ್ಕೂಟವು ನೇಮಿಸಿದ ಪರಿಶೀಲನ ಸಮಿತಿಯ ಪಾದ್ರಿ ಜಿರಾರನು ಮುಂದಿನ ವರ್ಷದ ವರದಿಯಲ್ಲಿ ಎಚ್ಚರಿಕೆಯ ಮಾತನ್ನಾಡಿದನು: ಇಲ್ಲಿ ಗಣಿತವು ಮಿತಿಮೀರಿದೆ, ಮಾತೃಭಾಷೆಯು ಸೊರಗಿದೆ. ಎರಡು ಎರಡು ನಾಲ್ಕೆಂಬಷ್ಟು ಸ್ಪಷ್ಟವಾಗಿ ತೋರಿಸಲಾಗದ ಯಾವುದನ್ನೂ ನನ್ನ ಮಕ್ಕಳು ನಂಬಬಾರದೆಂದು ಪೆಸ್ಟಲಾಟ್ಸಿಯು ಹೇಳಿದಾಗ, ಹಾಗಾದರೆ ಮೂವತ್ತು ಮಕ್ಕಳಿದ್ದರೂ ಒಬ್ಬನನ್ನೂ ನಿಮಗೊಪ್ಪಿಸೆನು, ನಾನು ಅವರ ತಂದೆಯೆಂಬುದನ್ನು ನೀವು ಹಾಗೆ ತೋರಿಸಲಾರಿರಿ ಎಂದು ಜಿರಾರನು ಉತ್ತರಕೊಟ್ಟನೆಂದು ಪ್ರತೀತಿ. ವಾತ್ಸಲ್ಯವನ್ನೇ ಮೂಲವೆಂದವನ ಶಾಲೆಯಲ್ಲಿ ವಾತ್ಸಲ್ಯಕ್ಕೆ ಪ್ರಮಾಣವಿಲ್ಲದಂತಾಗಿದ್ದಿತು.

೧೮೧೬ರಲ್ಲಿ ಇವರ್ಡನ್ನಿಗೆ ಬಂದ ಆಂಡ್ರೂ ಬೆಲ್ಲನ ಸಂಗತಿಯು ದಕ್ಷಿಣ ಭಾರತದವರಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಆತನು ಹದಿನೆಂಟನೆಯ ಶತಮಾನದ ಕಡೆಯಲ್ಲಿ ಮದರಾಸಿನ ಅನಾಥಶಾಲೆಯೊಂದರ ಮೇಲ್ವಿಚಾರಕನಾಗಿದ್ದಾಗ, ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಏರ್ಪಾಡನ್ನು ಬೆಳೆಸಿ, ೧೭೯೭ರಲ್ಲಿ ಅದನ್ನು ಗ್ರಂಥರೂಪವಾಗಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದನು. ಇವರ್ಡನ್ನಿನ ಕ್ರಮವು ಅವನಿಗೆ ರುಚಿಸಲಿಲ್ಲ. ಸ್ಟಾನ್ಸಿನಲ್ಲಿಯೂ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ಏರ್ಪಾಡು ಒಂದೇ, ಬೆಲ್ಲನಿಗೆ ಅದು ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳನ್ನು ಆಳುವ ಉಪಾಯ, ಪೆಸ್ಟಲಾಟ್ಸಿಗೆ ಅಣ್ಣನು ತಮ್ಮನ ಹೆಗಲ ಮೇಲೆ ಕೈಯಿಡುವ ಸಂದರ್ಭ.

ಇಂಗ್ಲೆಂಡಿಗೆ ಪೆಸ್ಟಲಾಟ್ಸಿಯ ವಿಚಾರವನ್ನು ತಂದವರಲ್ಲಿ, ೧೮೧೯ರಿಂದ ೧೮೨೨ರವರೆಗೆ ಇವರ್ಡನ್ನಿನಲ್ಲಿದ್ದ ಚಾರ್ಲ್ಸ್ ಮೇಯೋ ಮುಖ್ಯನು. ಅವನ ತಂಗಿ ಎಲಿಜಬೆತ್ ಮೇಯೋ ೧೮೩೦ರ ಸುಮಾರಿನಲ್ಲಿ ಪ್ರಕಟಿಸಿದ ಪುಸ್ತಕದಿಂದ ವಸ್ತುಪಾಠವು ಹಬ್ಬಿತು. ಇಂಗ್ಲಿಷರ ಆಳ್ವಿಕೆಯಲ್ಲಿ ಭಾರತದ ಶಾಲೆಗಳಿಗೂ ಬಂದಿತು. ಗಾಜಿನ ತುಂಡನ್ನು ಮುಂದಿಟ್ಟು, ಪಾರದರ್ಶಕ, ಭಿದುರ ಎಂಬ ಗುಣವಾಚಕಗಳನ್ನು ಹೇಳಿಸುವುದೇ ಪಾಠವಾಯಿತು. ವಸ್ತುವು ಎದುರಿಗಿದ್ದರೂ ಕಲಿತುದು ಶಬ್ದವನ್ನೇ. ಡಿಕೆನ್ಸನು ೧೮೫೪ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ, ಕುದುರೆಗಳ ನಡುವೆಯೇ ಬೆಳೆದ ಹುಡುಗಿಯು ಕುದುರೆಯ ಲಕ್ಷಣವನ್ನು ಹೇಳಲಾರದೆ ನಿಂತಿರಲು, ಇನ್ನೊಬ್ಬ ಹುಡುಗನು ಹಲ್ಲುಗಳ ಲೆಕ್ಕದೊಡನೆ ಒಪ್ಪಿಸಿ ಮೆಚ್ಚುಗೆಯನ್ನು ಪಡೆಯುವ ಚಿತ್ರವನ್ನು ಬರೆದಿರುವನು. ಡಿಕೆನ್ಸನು ಪೆಸ್ಟಲಾಟ್ಸಿಯನ್ನು ಗುರಿಯಾಗಿಟ್ಟನೆಂದಲ್ಲ. ಆದರೆ ಆ ತರಗತಿಯಲ್ಲಿ ಗೆರ್ಟ್ರೂಡಳ ಮಕ್ಕಳನ್ನು ಕೂರಿಸಿದ್ದರೆ ಅವರು ಆ ಹುಡುಗಿಯ ಪಕ್ಕದಲ್ಲಿಯೇ ಇರುತ್ತಿದ್ದರು.

೭

ಇಷ್ಟರಿಂದ ಕ್ರಮವು ತ್ಯಾಜ್ಯವೆಂದು ನಿರ್ಣಯಿಸಿದರೆ ಅದು ಅನ್ಯಾಯವಾಗುವುದು. ಪೆಸ್ಟಲಾಟ್ಸಿಯು ಯಂತ್ರವನ್ನು ಬಯಸಿದುದು ಮಗುವಿನ ಮೇಲಣ ಅನಾದರದಿಂದಲ್ಲ. ಕಣ್ಣಿಗೆ ಬೀಳದ ಲಕ್ಷಾಂತರ ಮಕ್ಕಳ ಮೇಲಣ ಕರುಣೆಯಿಂದ. ಉತ್ತಮ ತಾಯಿಯು ದೊರೆತ ಮಗುವಿಗೆ ಅವನ ಪುಸ್ತಕವು ಬೇಡ. ದೊರೆಯದ ಮಗುವಿಗಾಗಿ ಅವನು ಬರೆದನು. ವಾತ್ಸಲ್ಯವನ್ನು ಹಂಚಲು ಬಾರದು, ಕ್ರಮವನ್ನು ಹಂಚಬಹುದು; ಆದರೆ ಹಂಚಲು ಬರುವುದು ತಾನಾಗಿ ಕಲಿಸಲಾರದು. ಎಲ್ಲರಿಗೂ ವಿದ್ಯೆ ಕೊಡುವೆನೆಂದು ಹೊರಟ ಯಾವ ದೇಶವೂ ಈ ಇಕ್ಕಟ್ಟಿನಿಂದ ಪಾರಾಗಿಲ್ಲ. ಪೆಸ್ಟಲಾಟ್ಸಿಯು ಅದನ್ನು ಬಿಡಿಸಲಿಲ್ಲ, ಅದರೊಳಗೆ ಬದುಕಿದನು.

ಅವನ ತತ್ತ್ವದಲ್ಲಿ ಬೇರೆ ಕೊರತೆಗಳೂ ಉಂಟು. ಬೊನ್ನಾಲಿನ ಉದ್ಧಾರವು ಒಳ್ಳೆಯ ಪ್ರಭುವಿನ ಮನಸ್ಸನ್ನು ನೆಚ್ಚಿಕೊಂಡಿದೆ. ಅವನು ಇಲ್ಲವಾದರೆ ಹಳ್ಳಿಯ ಗತಿಯೇನೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರವಿಲ್ಲ. ತಾಯಿಗೆ ಗುರುಸ್ಥಾನವನ್ನು ಕೊಟ್ಟವನು, ದಿನವೆಲ್ಲ ನೂಲಿ ಬೇಯಿಸಿ ದಣಿದವಳು ಆ ಭಾರವನ್ನೂ ಹೇಗೆ ಹೊರಬೇಕೆಂದು ಸಾಕಷ್ಟು ಯೋಚಿಸಲಿಲ್ಲ. ಅವನ ಸ್ವಂತ ಮನೆಯಲ್ಲಿ ಆ ಭಾರವನ್ನು ಹೊತ್ತವಳು ಆನಾ. ಆಕೆಯು ೧೮೧೫ರಲ್ಲಿ ತೀರಿಕೊಂಡ ಮೇಲೆ ಇವರ್ಡನ್ನಿನ ಸಹೋದ್ಯೋಗಿಗಳ ಕಲಹವನ್ನು ತಡೆಯುವವರೇ ಇಲ್ಲವಾದರು.

೧೮೨೫ರಲ್ಲಿ ವಿದ್ಯಾಲಯವನ್ನು ಮುಚ್ಚಿ, ಎಪ್ಪತ್ತೊಂಬತ್ತು ವರ್ಷದ ಮುದುಕನು ಮೊದಲು ಸೋತ ನೊಯ್‌ಹೋಫಿಗೇ ಹಿಂದಿರುಗಿದನು. ಅವನ ಕಡೆಯ ದೊಡ್ಡ ಕೃತಿಯಾದ ‘ಹಂಸಗೀತೆ’ಯ ಸಾರವು, ಮನುಷ್ಯನನ್ನು ತಿದ್ದುವುದು ಬಾಳೇ ಎಂಬುದು. ಸಂಖ್ಯೆ ಆಕಾರ ಶಬ್ದಗಳ ಪಟ್ಟಿಗಳನ್ನು ದಾಟಿ, ಗೆರ್ಟ್ರೂಡಳ ನೂಲಿನ ಬಳಿಗೆ, ಸ್ಟಾನ್ಸಿನ ಮಕ್ಕಳ ಬಳಿಗೆ ಅವನು ಮರಳಿ ಬಂದಂತೆ ಕಾಣುವುದು. ೧೮೨೭ರ ಫೆಬ್ರವರಿ ೧೭ರಂದು ಬ್ರುಗ್ ಎಂಬಲ್ಲಿ ಕಾಲವಾದ ಆತನನ್ನು ಬಿರ್ ಹಳ್ಳಿಯಲ್ಲಿ ಸಮಾಧಿಮಾಡಿದರು.

ಆದುದರಿಂದ ಪೆಸ್ಟಲಾಟ್ಸಿಯನ್ನು ಓದುವವರು ಸೂತ್ರಗಳಿಂದ ಮೊದಲುಮಾಡದೆ ಸ್ಟಾನ್ಸಿನ ಪತ್ರದಿಂದ ಮೊದಲುಮಾಡುವುದು ಉಚಿತ. ಅನಂತರ ಕಾದಂಬರಿಯ ಮೊದಲ ಭಾಗ. ಕ್ರಮದ ಗ್ರಂಥವು ಕಡೆಗೆ. ಈ ಸರದಿಯಲ್ಲಿ ಓದಿದರೆ, ಒಣಗಿದಂತೆ ಕಾಣುವ ಕ್ರಮದ ಹಿಂದೆ ಅದನ್ನು ಬೇಡಿದ ಎಂಬತ್ತು ಮಕ್ಕಳ ಮುಖಗಳು ಕಾಣುವುವು. ಸಾಹಿತ್ಯವನ್ನು ಪಾಠ ಹೇಳುವವರಿಗೆ ಇದರಲ್ಲಿ ಹತ್ತಿರದ ಮಾತೊಂದುಂಟು. ಪದ್ಯವು ಕಿವಿಗೆ ಬೀಳುವ ಮೊದಲೇ ಅದರ ಛಂದಸ್ಸನ್ನೂ ಅಲಂಕಾರವನ್ನೂ ಒಪ್ಪಿಸಬಲ್ಲ ವಿದ್ಯಾರ್ಥಿಯು ಕುದುರೆಯ ಹಲ್ಲುಗಳನ್ನು ಎಣಿಸಿದ ಹುಡುಗನೇ ಸರಿ. ತಾನು ಹೇಳಿದುದನ್ನೆಲ್ಲ ಪರೀಕ್ಷಿಸಿ ಒಳ್ಳೆಯದನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಪೆಸ್ಟಲಾಟ್ಸಿಯು ಮುಪ್ಪಿನಲ್ಲಿ ಬೇಡಿಕೊಂಡನು. ಅವನ ಕ್ರಮವನ್ನು ಅವನ ಮಕ್ಕಳ ಮುಂದೆ ನಿಲ್ಲಿಸಿ ಪರೀಕ್ಷಿಸುವುದೇ ಆ ಬೇಡಿಕೆಯನ್ನು ನಡೆಸಿಕೊಡುವ ರೀತಿ.